ಪಂಕ್ಚರ್ ತಪ್ಪಬೇಕು, ಸೈಕಲ್ ಭಾರವಾಗಬಾರದು: ಏನು ಮಾಡಲಿ?

ಪ್ರಶ್ನೆ: ವಿಜಯನಗರದಿಂದ ಬೆಳ್ಳಂದೂರಿನ ಆಫೀಸಿಗೆ ವಾರಕ್ಕೆ ಮೂರು ದಿನ ಸೈಕಲ್‌ನಲ್ಲಿ ಹೋಗಿಬರುತ್ತೇನೆ. ಒಂದು ಕಡೆಗೆ ಸುಮಾರು 20 ಕಿ.ಮೀ. ಆಗಾಗ ಭಾನುವಾರ ನಂದಿ ಬೆಟ್ಟ. ಹೈಬ್ರಿಡ್ ಸೈಕಲ್, ಅದರ ಜೊತೆಗೇ ಬಂದ 700×28 (ಅಂದರೆ 28 ಮಿ.ಮೀ. ಅಗಲದ) ಟೈರ್, ನನ್ನ ತೂಕ 74 ಕೆ.ಜಿ. ಎರಡು ತಿಂಗಳಲ್ಲಿ ನಾಲ್ಕು ಪಂಕ್ಚರ್ ಆಗಿವೆ. ಮೂರು ಹಿಂದಿನ ಚಕ್ರಕ್ಕೆ, ಅದರಲ್ಲಿ ಎರಡು ಒಂದೇ ವಾರದಲ್ಲಿ. ಇನ್ನೊಂದು ಮುಂದಿನ ಚಕ್ರಕ್ಕೆ, ಗುಂಡಿಗೆ ಇಳಿದಾಗ. ಗಾಳಿ ಕಡಿಮೆ ಅನ್ನಿಸಿದರೆ ಹೆಬ್ಬೆರಳಲ್ಲಿ ಒತ್ತಿ ನೋಡಿ ಹೊಡೆಸುತ್ತೇನೆ. ಅಂಗಡಿಯವರು ದಪ್ಪ ಟ್ಯೂಬ್, ಟೈರಿನೊಳಗೆ ಒಂದು ಪಟ್ಟಿ, ಟ್ಯೂಬಿನೊಳಗೆ ತೂತು ಮುಚ್ಚುವ ಜೆಲ್, ಮೂರನ್ನೂ ಹಾಕಿಸಿಬಿಡಿ ಅನ್ನುತ್ತಾರೆ. ಹಾಗೆ ಮಾಡಿದರೆ ಸೈಕಲ್ ಎತ್ತಿನಗಾಡಿ ಆಗುವುದಿಲ್ಲವೇ?

ಉತ್ತರ: ಮೂರೂ ಬೇಡ. ಸದ್ಯಕ್ಕೆ ಒಂದನ್ನೂ ಹಾಕಿಸಬೇಡಿ.

ಮೊದಲು ಅಂಗಡಿಯವರ ಸಲಹೆಯ ತೂಕವನ್ನೇ ನೋಡೋಣ. ನಿಮ್ಮ ಅಳತೆಯ ಮಾಮೂಲಿ ಬ್ಯುಟೈಲ್ (ಕೃತಕ ರಬ್ಬರಿನ) ಟ್ಯೂಬ್ 110ರಿಂದ 140 ಗ್ರಾಂ ತೂಗುತ್ತದೆ. ಮುಳ್ಳು ತಡೆಯುತ್ತದೆ ಎಂದು ಮಾರುವ ದಪ್ಪ ಟ್ಯೂಬ್ ಸುಲಭವಾಗಿ ಅದರ ಎರಡರಷ್ಟು ಇರುತ್ತದೆ. ಒಳಪಟ್ಟಿಗೆ 80–100 ಗ್ರಾಂ, ಜೆಲ್‌ಗೆ ಇನ್ನೊಂದು 100 ಸೇರಿಸಿ. ಒಂದು ಚಕ್ರಕ್ಕೆ 350 ಗ್ರಾಂ, ಎರಡಕ್ಕೆ ಮುಕ್ಕಾಲು ಕಿಲೋ ಹತ್ತಿರ ಹೆಚ್ಚಿತು. ಕೇಳುವುದಕ್ಕೆ ಭಯವಾಗುತ್ತದೆ, ನಿಜ. ಆದರೆ ನೀವು, ಸೈಕಲ್ಲು, ಬೆನ್ನ ಚೀಲ ಎಲ್ಲ ಸೇರಿ 88 ಕಿಲೋ ಎಂದಿಟ್ಟುಕೊಂಡರೆ 700 ಗ್ರಾಂ ಅಂದರೆ ನೂರಕ್ಕೆ ಒಂದು ಪಾಲೂ ಇಲ್ಲ. ನಂದಿ ಬೆಟ್ಟವನ್ನು ನೀವು 40 ನಿಮಿಷದಲ್ಲಿ ಹತ್ತುವವರಾದರೆ ಈ ತೂಕದಿಂದ ಕಳೆದುಕೊಳ್ಳುವುದು 20 ಸೆಕೆಂಡಿನ ಆಸುಪಾಸು. ಚಕ್ರದ ಅಂಚಿನಲ್ಲಿರುವ ತೂಕ ಎರಡರಷ್ಟು ಕಾಡುತ್ತದೆ ಎಂಬ ಮಾತನ್ನು ಸೈಕಲ್ ಮಂದಿ ಆಗಾಗ ಹೇಳುತ್ತಾರೆ. ಅದು ಸರಿಯೇ, ಆದರೆ ವೇಗ ಏರಿಸುವಾಗ ಮಾತ್ರ. ಸಿಗ್ನಲ್ ಬಿಟ್ಟ ಕೂಡಲೇ ಎದ್ದು ತುಳಿಯುವಾಗ ಗೊತ್ತಾಗುತ್ತದೆ. ಒಂದೇ ಹದದಲ್ಲಿ ಏರು ಹತ್ತುವಾಗ ರಿಮ್ಮಿನ ಮೇಲಿನ ಗ್ರಾಮೂ ಒಂದೇ, ಚೀಲದಲ್ಲಿರುವ ಊಟದ ಡಬ್ಬಿಯ ಗ್ರಾಮೂ ಒಂದೇ.

ಹಾಗಾದರೆ ಬೇಡ ಅನ್ನುವುದು ಯಾಕೆ? ಬಿಗುವಿನ ಕಾರಣಕ್ಕೆ. ಟೈರು ನೆಲ ಮುಟ್ಟುವ ಜಾಗದಲ್ಲಿ ಪ್ರತಿ ಸುತ್ತಿಗೂ ಒಮ್ಮೆ ಚಪ್ಪಟೆಯಾಗಿ ಮತ್ತೆ ಗುಂಡಗಾಗುತ್ತದೆ. ತೆಳುವಾದ, ಮಣಿಯುವ ಟೈರು ಚಪ್ಪಟೆಯಾಗಲು ತೆಗೆದುಕೊಂಡ ಶಕ್ತಿಯನ್ನು ಬಹುಪಾಲು ಹಿಂದಿರುಗಿಸುತ್ತದೆ. ರಬ್ಬರಿನ ಮೇಲೆ ರಬ್ಬರು, ಅದರ ಮೇಲೆ ಪ್ಲಾಸ್ಟಿಕ್ ಪಟ್ಟಿ ಪೇರಿಸಿದರೆ ಆ ಶಕ್ತಿ ಒಳಗೇ ಬಿಸಿಯಾಗಿ ಕಳೆದುಹೋಗುತ್ತದೆ. ಗಂಟೆಗೆ 29 ಕಿ.ಮೀ. ಆಸುಪಾಸಿನ ವೇಗದಲ್ಲಿ ಡ್ರಮ್ ಮೇಲೆ ಉರುಳಿಸಿ ಅಳೆದಾಗ ಒಳ್ಳೆಯ ರೋಡ್ ಟೈರ್ ಒಂದು 10–12 ವ್ಯಾಟ್ ತಿಂದರೆ, ಭಾರಿ ಕವಚದ ಟೈರು 20 ದಾಟುತ್ತದೆ. ಎರಡು ಚಕ್ರಕ್ಕೆ ಸುಮಾರು 20 ವ್ಯಾಟ್ ವ್ಯತ್ಯಾಸ. ಆಫೀಸಿಗೆ ಹೋಗುವ ಹದದಲ್ಲಿ ನಿಮ್ಮ ಕಾಲು ಕೊಡುವುದೇ 100–120 ವ್ಯಾಟ್. ಅದರಲ್ಲಿ ಹತ್ತನೇ ಒಂದು ಪಾಲಿಗಿಂತ ಹೆಚ್ಚನ್ನು ಟೈರೇ ನುಂಗಿದರೆ ಬೆಳ್ಳಂದೂರು ಇನ್ನಷ್ಟು ದೂರವಾಗುತ್ತದೆ. ತಕ್ಕಡಿಯಲ್ಲಿ ಇದು ಕಾಣುವುದಿಲ್ಲ. ಅದಕ್ಕೇ ಜನ ಗ್ರಾಮಿನ ಹಿಂದೆ ಬೀಳುತ್ತಾರೆ.

ಈಗ ನಿಮ್ಮ ನಾಲ್ಕು ಪಂಕ್ಚರ್‌ಗಳಿಗೆ ಬರೋಣ. ಇವು ಒಂದೇ ಕಾಯಿಲೆಯಲ್ಲ. ಒಂದೇ ವಾರದಲ್ಲಿ ಒಂದೇ ಚಕ್ರಕ್ಕೆ ಎರಡು ಸಲ ಆಗಿದೆ ಅಂದರೆ ಅದನ್ನು ನಾನು ಒಂದು ಪಂಕ್ಚರ್ ಎಂದೇ ಎಣಿಸುತ್ತೇನೆ. ಮೊದಲ ಸಲ ಚುಚ್ಚಿದ್ದು ಟೈರಿನಲ್ಲೇ ಉಳಿದಿದೆ. ಟ್ಯೂಬಿಗೆ ಪ್ಯಾಚ್ ಬಿತ್ತು, ಅದನ್ನು ಅದೇ ಟೈರಿನೊಳಗೆ ಹಾಕಿದರು, ಅದು ಮತ್ತೆ ಚುಚ್ಚಿತು. ಚುಚ್ಚಿದ್ದನ್ನು ಹುಡುಕದೆ ಪ್ಯಾಚ್ ಹಾಕುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಬೆಂಗಳೂರಿನಲ್ಲಿ ಹೀಗೆ ಅಡಗಿ ಕೂರುವುದು ಬಹುತೇಕ ಒಂದೇ: ಲಾರಿ, ಬಸ್ಸುಗಳ ರೇಡಿಯಲ್ ಟೈರಿನೊಳಗಿನ ಉಕ್ಕಿನ ತಂತಿ. ಆ ಟೈರು ಸಿಡಿದು ಚೂರಾದಾಗ ಉಳಿಯುವ ಕಪ್ಪು ರಬ್ಬರ್ ಪಟ್ಟಿಗಳನ್ನು ತುಮಕೂರು ರಸ್ತೆ, ಬಳ್ಳಾರಿ ರಸ್ತೆಗಳ ಅಂಚಿನಲ್ಲಿ ನೋಡಿರುತ್ತೀರಿ. ರಬ್ಬರು ಕಣ್ಣಿಗೆ ಬೀಳುತ್ತದೆ, ತಂತಿ ಬೀಳುವುದಿಲ್ಲ. ಕೂದಲಿಗಿಂತ ಸ್ವಲ್ಪ ದಪ್ಪ, ಅರ್ಧ ಸೆಂಟಿಮೀಟರ್ ಉದ್ದ. ಟೈರಿನ ಹೊರಗಿನಿಂದ ನೋಡಿದರೆ ಒಂದು ಚುಕ್ಕೆಯೂ ಇರುವುದಿಲ್ಲ. ಒಳಗಿನಿಂದ ನೋಡಿದರೂ ಇಲ್ಲ, ಯಾಕೆಂದರೆ ಟೈರು ಖಾಲಿಯಿದ್ದಾಗ ತಂತಿ ರಬ್ಬರಿನೊಳಗೆ ಹಿಂದೆ ಸರಿದಿರುತ್ತದೆ. ನೀವು ಹತ್ತಿ ಕೂತು ಭಾರ ಬಿದ್ದಾಗ ಮಾತ್ರ ತುದಿ ಹೊರಬಂದು ಟ್ಯೂಬನ್ನು ಮುಟ್ಟುತ್ತದೆ. 28ರ ಟೈರಿನ ಸುತ್ತಳತೆ ಸುಮಾರು 2.1 ಮೀಟರ್. ವಿಜಯನಗರದಿಂದ ಬೆಳ್ಳಂದೂರು ತಲುಪುವಷ್ಟರಲ್ಲಿ ಆ ತಂತಿಯ ಮೇಲೆ ನಿಮ್ಮ ಭಾರ 9 ಸಾವಿರಕ್ಕೂ ಹೆಚ್ಚು ಸಲ ಬಿದ್ದಿರುತ್ತದೆ. ಗಾಜಿನ ಚೂರಿನ ಕಥೆಯೂ ಇದೇ. ಸಿಕ್ಕಿಕೊಂಡ ಕ್ಷಣದಲ್ಲಿ ತೂತು ಮಾಡುವುದು ಕಡಿಮೆ. ಸುತ್ತಿಗೊಂದು ಏಟು ತಿನ್ನುತ್ತಾ ನಿಧಾನಕ್ಕೆ ಒಳಗಿಳಿಯುತ್ತದೆ. ನಿಮಗೆ ಹಾಗಾಗಿ ಒಂದಷ್ಟು ದಿನಗಳ ಸಮಯ ಸಿಗುತ್ತದೆ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ತಂತಿ ಹುಡುಕುವುದಕ್ಕೆ ಟ್ಯೂಬೇ ದಾರಿ ತೋರಿಸಬೇಕು. ಅದಕ್ಕೊಂದು ಸಣ್ಣ ಶಿಸ್ತು ಬೇಕು: ಟೈರ್ ಹಾಕುವಾಗ ಅದರ ಮೇಲಿನ ಕಂಪನಿ ಹೆಸರು ಯಾವಾಗಲೂ ವಾಲ್ವ್ ಎದುರಿಗೇ ಬರುವಂತೆ ಕೂರಿಸಿ, ಚೈನ್ ಇರುವ ಬದಿಗೆ. ಟ್ಯೂಬ್ ಬಿಚ್ಚುವಾಗ ಯಾವ ಮಗ್ಗುಲು ಎಡ, ಯಾವುದು ಬಲ ಎಂದು ಗುರುತಿಟ್ಟುಕೊಳ್ಳಿ. ಗಾಳಿ ತುಂಬಿ, ಕೆನ್ನೆ ಹತ್ತಿರ ಹಿಡಿದು ಅಥವಾ ಬಕೆಟ್ ನೀರಿನಲ್ಲಿ ಮುಳುಗಿಸಿ ತೂತು ಕಂಡುಹಿಡಿಯಿರಿ. ವಾಲ್ವ್‌ನಿಂದ ತೂತಿಗೆ ಎಷ್ಟು ಗೇಣು ದೂರವಿದೆಯೋ ಟೈರಿನಲ್ಲೂ ಕಂಪನಿ ಹೆಸರಿನಿಂದ ಅಷ್ಟೇ ದೂರದಲ್ಲಿ ಕಳ್ಳ ಇರುತ್ತಾನೆ. ಆ ಜಾಗವನ್ನು ಹೊರಕ್ಕೆ ಬಾಗಿಸಿ, ಒಳಮೈ ಮೇಲೆ ಹತ್ತಿಯ ಉಂಡೆಯನ್ನು ಎರಡೂ ದಿಕ್ಕಿಗೆ ಎಳೆಯಿರಿ. ಬೆರಳಿಗೆ ಸಿಗದ ತಂತಿ ಹತ್ತಿಯ ಎಳೆಯನ್ನು ಹಿಡಿದುಕೊಳ್ಳುತ್ತದೆ. ಬೆರಳು ಆಡಿಸಲು ಹೋಗಬೇಡಿ, ಗಾಜಾಗಿದ್ದರೆ ಕೊಯ್ಯುತ್ತದೆ. ತುದಿ ಸಿಕ್ಕ ಮೇಲೆ ಎಳೆಯುವುದಕ್ಕೆ ಇಕ್ಕಳಕ್ಕಿಂತ ಉಗುರು ಕತ್ತರಿಸುವ ನೈಲ್ ಕಟರ್ ಚೆನ್ನಾಗಿ ಕಚ್ಚುತ್ತದೆ, ಆದರೆ ಮೆಲ್ಲಗೆ, ತುಂಡಾಗದಂತೆ.

ಪಂಕ್ಚರ್ ಅಂಗಡಿಯಲ್ಲಿ ಹಾಕಿಸುವವರಾದರೂ ಹತ್ತು ನಿಮಿಷ ಪಕ್ಕದಲ್ಲೇ ನಿಂತು, ತೂತು ಎಲ್ಲಿತ್ತು ಎಂದು ತೋರಿಸಿಕೊಳ್ಳಿ. ಬೈಕ್, ಆಟೋಗಳ ಸಾಲಿನ ನಡುವೆ ನಿಮ್ಮ ಸೈಕಲ್ ಹಿಡಿದವರಿಗೆ ಟೈರಿನೊಳಗೆ ಹತ್ತಿ ಎಳೆಯುವಷ್ಟು ಪುರುಸೊತ್ತು ಇರುವುದಿಲ್ಲ. ಅವರದು ತಪ್ಪೂ ಅಲ್ಲ.

ತೂತು ಟ್ಯೂಬಿನ ಹೊರಮೈಯಲ್ಲಿ, ಅಂದರೆ ರಸ್ತೆ ಕಡೆಗೆ ಇದ್ದರೆ ಇಷ್ಟು ಕಥೆ. ಒಳಮೈಯಲ್ಲಿ, ರಿಮ್ಮಿನ ಕಡೆಗೆ ಇದ್ದರೆ ಮುಳ್ಳು, ಮೊಳೆ ಯಾವುದಕ್ಕೂ ಸಂಬಂಧವಿಲ್ಲ. ಸ್ಪೋಕ್ ತೂತುಗಳನ್ನು ಮುಚ್ಚುವ ರಿಮ್ ಟೇಪ್ ಸರಿದಿದೆ ಅಥವಾ ಸವೆದಿದೆ. ಅಗ್ಗದ ಸೈಕಲ್‌ಗಳಲ್ಲಿ ಬರುವ ರಬ್ಬರ್ ಪಟ್ಟಿ ಹಳೆಯದಾದರೆ ಪಕ್ಕಕ್ಕೆ ಸರಿಯುತ್ತದೆ, ಟ್ಯೂಬ್ ಆ ತೂತಿನೊಳಗೆ ಉಬ್ಬಿ ಅಂಚಿಗೆ ಉಜ್ಜಿ ಹರಿಯುತ್ತದೆ. ನಿಮ್ಮ ಮೂರನೆಯ ಹಿಂದಿನ ಪಂಕ್ಚರ್ ಇದಿರಬಹುದು, ಟ್ಯೂಬ್ ನೋಡಿದರೆ ಗೊತ್ತಾಗುತ್ತದೆ. ಅಂಟುವ ಬಟ್ಟೆಯ ಟೇಪ್ ಒಂದು ಸುತ್ತು ಹಾಕಿದರೆ ಮುಗಿಯಿತು, ತೂಕ ಹತ್ತಿಪ್ಪತ್ತು ಗ್ರಾಂ. ದಪ್ಪ ಟ್ಯೂಬ್, ಒಳಪಟ್ಟಿ, ಶ್ವಾಲ್ಬೆಯ ದುಬಾರಿ ಟೈರು, ಏನೇ ಹಾಕಿದರೂ ಈ ಪಂಕ್ಚರ್ ನಿಲ್ಲುತ್ತಿರಲಿಲ್ಲ ನೋಡಿ.

ಮುಂದಿನ ಚಕ್ರದ್ದು ಗುಂಡಿಯ ಕೊಡುಗೆ. ಆ ಟ್ಯೂಬಿನಲ್ಲಿ ಒಂದೇ ಸಾಲಿನಲ್ಲಿ ಅಕ್ಕಪಕ್ಕ ಎರಡು ಸಣ್ಣ ಸೀಳು ಇದ್ದಿರಬೇಕು. ಗುಂಡಿಯ ಅಂಚು ಟೈರನ್ನು ರಿಮ್ಮಿನವರೆಗೆ ಒತ್ತಿದಾಗ ಟ್ಯೂಬ್ ನಡುವೆ ಸಿಕ್ಕಿ ಎರಡು ಕಡೆ ಹರಿಯುತ್ತದೆ. ಸೈಕಲ್‌ನವರು ಸ್ನೇಕ್ ಬೈಟ್ ಅನ್ನುವುದು ಇದಕ್ಕೇ. ಕಾರಣ ಒಂದೇ, ಗಾಳಿ ಕಡಿಮೆ. ಮತ್ತು ಇಲ್ಲಿ ನಿಮ್ಮ ಹೆಬ್ಬೆರಳಿನ ವಿಷಯ ಎತ್ತಲೇಬೇಕು.

ಹೆಬ್ಬೆರಳು ಸುಳ್ಳು ಹೇಳುತ್ತದೆ. 28ರ ಟೈರಿನಲ್ಲಿ ಗಾಳಿಯ ಒತ್ತಡ 50 ಪಿಎಸ್‌ಐ ಇದ್ದರೂ ಗಟ್ಟಿ, 80 ಇದ್ದರೂ ಗಟ್ಟಿ. ಬ್ಯುಟೈಲ್ ಟ್ಯೂಬ್ ತೂತಿಲ್ಲದೆಯೂ ವಾರಕ್ಕೆ ಒಂದಷ್ಟು ಗಾಳಿ ಬಿಡುತ್ತಲೇ ಇರುತ್ತದೆ, ಎರಡು ವಾರ ಬಿಟ್ಟರೆ ಅಪಾಯದ ಮಟ್ಟಕ್ಕೆ ಇಳಿದಿರುತ್ತದೆ. ಗೇಜ್ ಇರುವ, ಕಾಲಲ್ಲಿ ಒತ್ತಿಹಿಡಿದು ಹೊಡೆಯುವ ಫ್ಲೋರ್ ಪಂಪ್ ಮನೆಯಲ್ಲಿರಲಿ. ಇಡೀ ಉತ್ತರದಲ್ಲಿ ನಾನು ಖರ್ಚು ಮಾಡಿ ಎಂದು ಒತ್ತಾಯ ಮಾಡುವ ಮೊದಲ ವಸ್ತು ಇದು, ಸೈಕಲ್ಲಿಗೆ ಒಂದು ಗ್ರಾಮೂ ಸೇರಿಸುವುದಿಲ್ಲ. 74 ಕಿಲೋದವರಿಗೆ 28ರ ಟೈರಿನಲ್ಲಿ ಹಿಂದೆ 75–80, ಮುಂದೆ 65–70 ಪಿಎಸ್‌ಐ ನನ್ನ ಲೆಕ್ಕ. ಹಿಂದಿನ ಚಕ್ರದ ಮೇಲೆ ಭಾರ ಹೆಚ್ಚು, ಅದಕ್ಕೇ ವ್ಯತ್ಯಾಸ. ಬೆನ್ನ ಬದಲು ಹಿಂದಿನ ಕ್ಯಾರಿಯರ್ ಮೇಲೆ ಲ್ಯಾಪ್‌ಟಾಪ್ ಕಟ್ಟಿದ ದಿನ ಹಿಂದಕ್ಕೆ ಇನ್ನೊಂದೈದು ಸೇರಿಸಿ. ಟೈರಿನ ಮಗ್ಗುಲಲ್ಲಿ ಅಚ್ಚಾಗಿರುವ ಗರಿಷ್ಠ ಅಂಕಿಯನ್ನು ಗುರಿ ಎಂದುಕೊಳ್ಳುವುದು ಬೇಡ, ಅದು ಮೀರಬಾರದ ಮಿತಿ. ಕಲ್ಲಿನಂತೆ ಗಾಳಿ ತುಂಬಿದರೆ ಪಂಕ್ಚರ್ ಆಗುವುದಿಲ್ಲ ಎಂಬ ನಂಬಿಕೆಯೂ ಪೂರ್ತಿ ಸರಿಯಲ್ಲ. ತೀರಾ ಬಿಗಿಯಾದ ಟೈರು ಗಾಜಿನ ಮೊನೆಯ ಮೇಲೆ ಬಾಗುವುದಿಲ್ಲ, ನೇರ ಚುಚ್ಚಿಸಿಕೊಳ್ಳುತ್ತದೆ.

ಪೆಟ್ರೋಲ್ ಬಂಕ್‌ನಲ್ಲಿ ಹೊಡೆಸುವುದಾದರೆ ಪ್ರೆಸ್ಟಾ ಎಂಬ ಸಪೂರ ಸೈಕಲ್ ವಾಲ್ವಿಗೆ ಹಿತ್ತಾಳೆಯ ಅಡಾಪ್ಟರ್ ಬೇಕು, ಆ ಯಂತ್ರಗಳು ಕಾರು ಬೈಕಿನ 30–40 ಪಿಎಸ್‌ಐಗೆ ಹೊಂದಿಕೊಂಡವು. ತುರ್ತಿಗೆ ಸರಿ, ದಿನವಹಿಗೆ ಅಲ್ಲ.

ಇನ್ನು ಟೈರು. ಗ್ರಾಮುಗಳನ್ನು ಖರ್ಚು ಮಾಡುವುದಿದ್ದರೆ ಇಲ್ಲಿ ಮಾಡಿ, ಬೇರೆಲ್ಲೂ ಅಲ್ಲ. ಟೈರಿನ ಒಳಗೆ, ನೆಲ ಮುಟ್ಟುವ ಪಟ್ಟಿಯ ಕೆಳಗೆ ಮಾತ್ರ ಗಟ್ಟಿ ನೇಯ್ಗೆಯ ಒಂದು ತೆಳು ಪದರ ಕೂರಿಸಿರುತ್ತಾರೆ, ಬ್ರೇಕರ್ ಅನ್ನುತ್ತಾರೆ. ಕೆವ್ಲಾರ್, ವೆಕ್ಟ್ರಾನ್ ಥರದ ಎಳೆಗಳು. ಟೈರಿನ ಜೊತೆಗೇ ಅಚ್ಚಾಗಿರುವುದರಿಂದ ಇದು ಸರಿಯುವುದಿಲ್ಲ, ಟ್ಯೂಬಿಗೆ ಉಜ್ಜುವುದಿಲ್ಲ, ಮಗ್ಗುಲನ್ನು ಬಿಗಿ ಮಾಡುವುದಿಲ್ಲ. ನಿಮ್ಮ ಸೈಕಲ್ ಜೊತೆ ಬಂದ ಟೈರು ಬಹುಶಃ ಅಂಚಿನಲ್ಲಿ ಉಕ್ಕಿನ ತಂತಿ ಇರುವ ಜಾತಿ, 350ರಿಂದ 400 ಗ್ರಾಂ, ಬ್ರೇಕರ್ ಇಲ್ಲ. ಕಾಂಟಿನೆಂಟಲ್ ಗ್ರ್ಯಾಂಡ್ ಪ್ರಿ 4 ಸೀಸನ್‌ನಂಥ, ಎರಡು ಪದರ ವೆಕ್ಟ್ರಾನ್ ಇರುವ, ಮಡಚಬಲ್ಲ ಟೈರು ಇದೇ ಅಳತೆಯಲ್ಲಿ 300 ಗ್ರಾಂ ಒಳಗೇ ಇರುತ್ತದೆ. ರಕ್ಷಣೆಯೂ ಹೆಚ್ಚಿತು, ತೂಕವೂ ಇಳಿಯಿತು. ದುಡ್ಡು ಮಾತ್ರ ಇಳಿಯುವುದಿಲ್ಲ. ಅದೇ ಕಂಪನಿಯ ಗೇಟರ್‌ಸ್ಕಿನ್ ಹೆಸರು ನಮ್ಮ ಸೈಕಲ್ ಬಳಗಗಳಲ್ಲಿ ಹೆಚ್ಚು ಓಡುತ್ತದೆ. ಮಗ್ಗುಲು ಗಟ್ಟಿ, ಬಾಳಿಕೆ ಚೆನ್ನ, ಆದರೆ ಉರುಳುವುದು ನಿಧಾನ, ಮಳೆಯಲ್ಲಿ ಹಿಡಿತ ನನಗೆ ಅಷ್ಟು ಸಮಾಧಾನ ಕೊಡುವುದಿಲ್ಲ. ಶ್ವಾಲ್ಬೆ ಮ್ಯಾರಥಾನ್ ಪ್ಲಸ್‌ನಲ್ಲಿ 5 ಮಿ.ಮೀ. ದಪ್ಪದ ಮೆತ್ತನೆಯ ರಬ್ಬರ್ ಪದರವಿದೆ, ಪಂಕ್ಚರ್ ಎಂಬ ಮಾತೇ ಮರೆತುಹೋಗುತ್ತದೆ. ಒಂದೊಂದೂ ಮುಕ್ಕಾಲು ಕಿಲೋ ಆಸುಪಾಸು ತೂಗುತ್ತದೆ. ಹಿಂದೆ ಮುಂದೆ ಚೀಲ ಕಟ್ಟಿಕೊಂಡು ದೇಶ ಸುತ್ತುವವರಿಗೆ, ಮಗುವನ್ನು ಕೂರಿಸಿಕೊಂಡು ಶಾಲೆಗೆ ಬಿಡುವವರಿಗೆ ಕಣ್ಣು ಮುಚ್ಚಿ ಹೇಳುತ್ತೇನೆ. ನಿಮಗಲ್ಲ.

ನಿಮ್ಮ ಫ್ರೇಮು, ಬ್ರೇಕುಗಳ ನಡುವೆ ಜಾಗ ಇದ್ದರೆ 28ರ ಬದಲು 32ಕ್ಕೆ ಹೋಗಿ. ಹೈಬ್ರಿಡ್‌ಗಳಲ್ಲಿ ಸಾಮಾನ್ಯವಾಗಿ ಇರುತ್ತದೆ. ಹೆಚ್ಚುವುದು 30–40 ಗ್ರಾಂ. ಒಳಗೆ ಗಾಳಿಯ ಪ್ರಮಾಣ ಹೆಚ್ಚಿದ್ದರಿಂದ 55–65 ಪಿಎಸ್‌ಐಯಲ್ಲೇ ಗುಂಡಿಯ ಏಟು ತಡೆಯುತ್ತದೆ, ಸ್ನೇಕ್ ಬೈಟ್ ತೀರಾ ಅಪರೂಪವಾಗುತ್ತದೆ. ಬಣ್ಣ ಅಳಿಸಿಹೋದ ಹಂಪ್‌ಗಳ ಮೇಲೆ ಬೆನ್ನೂ ಬದುಕುತ್ತದೆ. ಅಗಲ ಟೈರು ನಿಧಾನ ಎಂಬುದು ಹಳೆಯ ಕಾಲದ ಮಾತು. ನಮ್ಮ ರಸ್ತೆಯ ಮೇಲಂತೂ ಅದು ಕುಣಿಯದೆ ಉರುಳುತ್ತದೆ. ಒಂದೇ ಟೈರಿಗೆ ದುಡ್ಡಿದೆ ಅಂದರೆ ಹಿಂದಿನ ಚಕ್ರಕ್ಕೆ ಹಾಕಿ. ಭಾರ ಅಲ್ಲೇ ಹೆಚ್ಚು, ಸವೆತ ಅಲ್ಲೇ ಹೆಚ್ಚು, ಮುಂದಿನ ಚಕ್ರ ಎಬ್ಬಿಸಿ ನಿಲ್ಲಿಸಿದ ಮೊಳೆ ಹೋಗಿ ನಾಟುವುದೂ ಹಿಂದಿನದಕ್ಕೇ. ಆದರೆ ಮುಂದಿನ ಟೈರು ಬೋಳಾಗಿದ್ದರೆ ಈ ಮಾತು ನಡೆಯದು, ಮುಂದೆ ಜಾರಿದರೆ ಬೀಳುವುದು ಖಂಡಿತ.

ಟ್ಯೂಬಿನಲ್ಲಿ ಗ್ರಾಂ ಉಳಿಸಬಹುದೇ? ಉಳಿಸಬಹುದು. ಟಿಪಿಯು ಎಂಬ ಪ್ಲಾಸ್ಟಿಕ್ ಜಾತಿಯ ಟ್ಯೂಬ್‌ಗಳು ಈಗ ಸಿಗುತ್ತವೆ, ಒಂದು 35–45 ಗ್ರಾಂ. ಎರಡು ಚಕ್ರದಿಂದ 150 ಗ್ರಾಂಗಿಂತ ಹೆಚ್ಚು ಇಳಿಯುತ್ತದೆ, 32ರ ಟೈರಿಗೆ ಸೇರಿಸಿದ್ದು ಇಲ್ಲಿ ಸರಿಹೋಗುತ್ತದೆ. ಆದರೆ ಇವಕ್ಕೆ ಮಾಮೂಲಿ ಸೊಲ್ಯೂಷನ್, ರಬ್ಬರ್ ಪ್ಯಾಚ್ ಹಿಡಿಯುವುದಿಲ್ಲ, ಇವಕ್ಕೆಂದೇ ಮಾಡಿದ ಪ್ಯಾಚ್ ಬೇಕು. ರಸ್ತೆ ಬದಿಯ ಅಂಗಡಿಯವರು ಕೈಚೆಲ್ಲುತ್ತಾರೆ. ರಿಮ್ ಒತ್ತಿ ಹಿಡಿಯುವ ಬ್ರೇಕ್ ನಿಮ್ಮದಾದರೆ ಇನ್ನೊಂದು ಎಚ್ಚರಿಕೆ: ನಂದಿ ಇಳಿಯುವಾಗ ಬ್ರೇಕ್ ಹಿಡಿದೇ ಬಂದರೆ ರಿಮ್ ಕಾಯುತ್ತದೆ, ಕೆಲವು ಟಿಪಿಯು ಟ್ಯೂಬ್‌ಗಳನ್ನು ಡಿಸ್ಕ್ ಬ್ರೇಕ್‌ಗೆ ಮಾತ್ರ ಎಂದು ತಯಾರಕರೇ ಹೇಳಿರುತ್ತಾರೆ. ಡಬ್ಬದ ಮೇಲೆ ಓದಿ ಕೊಳ್ಳಿ. ನಾನಾದರೆ ಚಕ್ರದೊಳಗೆ ಮಾಮೂಲಿ ಬ್ಯುಟೈಲ್ ಇಟ್ಟು, ಚೀಲದಲ್ಲಿ ಹೆಚ್ಚುವರಿಯಾಗಿ ಟಿಪಿಯು ಒಯ್ಯುತ್ತೇನೆ, ಬೆಂಕಿಪೊಟ್ಟಣದಷ್ಟು ಜಾಗ ಸಾಕು.

ಒಳಪಟ್ಟಿ, ಜೆಲ್‌ಗಳನ್ನು ಪೂರ್ತಿ ಬಯ್ಯುವುದಿಲ್ಲ. ಅಗಲವಾದ ಟೈರಿನ ಎಂಟಿಬಿ (ಮೌಂಟನ್ ಬೈಕ್), ಮಕ್ಕಳ ಸೈಕಲ್, ಹಾಲು ಪೇಪರು ಹಾಕುವವರ ಗಟ್ಟಿ ಸೈಕಲ್ಲಿಗೆ ಪಟ್ಟಿ ಹೊಂದುತ್ತದೆ. 28ರ ಕಿರಿದಾದ ಟೈರಿನೊಳಗೆ ಅದರ ಅಂಚು ಟ್ಯೂಬಿಗೆ ಉಜ್ಜಿ ಉಜ್ಜಿ ತಾನೇ ತೂತು ಮಾಡುವುದುಂಟು, ಎರಡು ತುದಿ ಒಂದರ ಮೇಲೊಂದು ಬರುವ ಜಾಗದಲ್ಲಿ ವಿಶೇಷವಾಗಿ. ಜೆಲ್ ವಿಷಯದಲ್ಲಿ ಒಂದೇ ಮಾತು: ಬೈಕಿಗೆ ಹಾಕುವ ಗಟ್ಟಿ ದ್ರವವನ್ನು ಸೈಕಲ್ ಟ್ಯೂಬಿಗೆ ಸುರಿಸಿಕೊಳ್ಳಬೇಡಿ. ವಾಲ್ವ್ ಕಟ್ಟಿಕೊಳ್ಳುತ್ತದೆ, ಮುಂದೆ ಪ್ಯಾಚ್ ಹಾಕಲು ಹೋದರೆ ಅಂಟು ನಿಲ್ಲುವುದಿಲ್ಲ. ವಾಲ್ವ್ ಕೋರ್ ಬಿಚ್ಚಲು ಬರುವ ಟ್ಯೂಬ್ ಇದ್ದರೆ ಸೈಕಲ್‌ನ ಲೇಟೆಕ್ಸ್ ಸೀಲಂಟ್ 25–30 ಮಿ.ಲೀ. ಹಾಕಬಹುದು, ಅಷ್ಟೇ ಗ್ರಾಂ. ಸೂಜಿಮೊನೆಯ ತೂತುಗಳನ್ನು ಮುಚ್ಚುತ್ತದೆ. ನಮ್ಮ ಬೇಸಿಗೆಯಲ್ಲಿ ಕೆಲವೇ ತಿಂಗಳಲ್ಲಿ ಒಣಗುತ್ತದೆ ಅನ್ನುವುದು ತಿಳಿದಿರಲಿ.

ಗಾಳಿಯೇ ಬೇಡದ ಗಟ್ಟಿ ಟೈರುಗಳ ಜಾಹೀರಾತು ನೋಡಿ ಮರುಳಾಗಬೇಡಿ. ಬಿಗುವಿನ ಬಗ್ಗೆ ಮೇಲೆ ಹೇಳಿದ್ದೆಲ್ಲ ಅಲ್ಲಿ ಇನ್ನೂ ಹೆಚ್ಚು.

ಟ್ಯೂಬ್‌ಲೆಸ್ ಬಗ್ಗೆ ನೀವು ಕೇಳಿಲ್ಲ, ಆದರೆ ಇನ್ನೊಬ್ಬರು ಕೇಳಿಯೇ ಕೇಳುತ್ತಾರೆ. ತುರಹಳ್ಳಿ, ಅವಲಹಳ್ಳಿ ಕಾಡಿನ ಹಾದಿಯಲ್ಲಿ ಎಂಟಿಬಿ ಓಡಿಸುವವರಿಗೆ ಅದೇ ಸರಿ. ಅಲ್ಲಿ ಶತ್ರು ಬೇರೆ. ಜಾಲಿ ಮುಳ್ಳು ಉದ್ದ, ನೇರ ಒಳಗಿಳಿಯುತ್ತದೆ. ಅದಕ್ಕಿಂತ ಕೆಟ್ಟದ್ದು ನೆಲಕ್ಕಂಟಿ ಹಬ್ಬುವ, ಹಳದಿ ಹೂವಿನ ನೆಗ್ಗಿಲು. ಅದರ ಕಾಯಿ ಹೇಗೆ ಬಿದ್ದರೂ ಒಂದು ಮುಳ್ಳು ಮೇಲ್ಮುಖವಾಗಿಯೇ ಇರುತ್ತದೆ. ಒಣ ತಿಂಗಳುಗಳಲ್ಲಿ ಬೀಳು ಜಾಗದಲ್ಲಿ ಒಮ್ಮೆ ಹಾದು ಬಂದರೆ ಒಂದೇ ಟೈರಿನಲ್ಲಿ ಹತ್ತಾರು ಸಿಕ್ಕಿರುತ್ತವೆ. ಸೀಲಂಟ್ ಹಾಕಿದ ಟ್ಯೂಬ್‌ಲೆಸ್ ಟೈರು ಇವನ್ನು ಲೆಕ್ಕಕ್ಕೇ ಇಡುವುದಿಲ್ಲ, ಟ್ಯೂಬ್ ತೆಗೆದುಹಾಕಿದ್ದರಿಂದ ತೂಕವೂ ಹೆಚ್ಚುವುದಿಲ್ಲ. ರಸ್ತೆಯ ಕಿರಿದಾದ ಟೈರಿನಲ್ಲಿ 75 ಪಿಎಸ್‌ಐ ಒತ್ತಡಕ್ಕೆ ಸೀಲಂಟ್ ಮುಚ್ಚುವುದಕ್ಕಿಂತ ಮೊದಲೇ ಚಿಮ್ಮಿ ನಿಮ್ಮ ಬೆನ್ನಿಗೆ ಚಿತ್ತಾರ ಬಿಡಿಸುವುದುಂಟು. ಟ್ಯೂಬ್‌ಲೆಸ್‌ಗೆಂದೇ ಮಾಡಿದ ರಿಮ್ ಬೇಕು, ಕೆಲವು ತಿಂಗಳಿಗೊಮ್ಮೆ ಸೀಲಂಟ್ ಮರುತುಂಬಬೇಕು. ಅಂಚಿನಲ್ಲಿ ಕೊಕ್ಕೆ ಇಲ್ಲದ ಹುಕ್‌ಲೆಸ್ ರಿಮ್ ಆದರೆ 72.5 ಪಿಎಸ್‌ಐ, ಅಂದರೆ 5 ಬಾರ್ ಮೀರುವಂತೆಯೇ ಇಲ್ಲ. ನಿಮ್ಮ ಈಗಿನ ಚಕ್ರಗಳಿಗಾಗಿ ಇಷ್ಟೆಲ್ಲ ಬೇಡ.

ದುಡ್ಡೂ ಬೇಡದ, ತೂಕವೂ ಇಲ್ಲದ ಮದ್ದುಗಳು ಇನ್ನೆರಡಿವೆ. ಒಂದು, ರಸ್ತೆಯಲ್ಲಿ ಎಲ್ಲಿ ಓಡಿಸುತ್ತೀರಿ ಅನ್ನುವುದು. ವಾಹನಗಳ ಚಕ್ರ ಓಡಾಡುವ ಜಾಗವನ್ನು ಅವೇ ಗುಡಿಸಿ ಇಟ್ಟಿರುತ್ತವೆ. ಆ ಕಸವೆಲ್ಲ ಎಡಗಡೆಯ ಮೋರಿ ಅಂಚಿನಲ್ಲಿ ಗುಡ್ಡೆಯಾಗಿರುತ್ತದೆ, ಮತ್ತು ನಾವು ಸೈಕಲ್‌ನವರು ಹೆದರಿಕೊಂಡು ಅಲ್ಲೇ ಓಡಿಸುತ್ತೇವೆ. ಅಂಚಿನಿಂದ ಎರಡು ಮೂರು ಅಡಿ ಒಳಗಿರಿ. ಹಿಂದಿನವರು ಹಾರ್ನ್ ಹೊಡೆಯುತ್ತಾರೆ, ಹೊಡೆಯಲಿ. ನಿಮ್ಮ ದಾರಿಯಲ್ಲಿ ಸಿಲ್ಕ್ ಬೋರ್ಡ್ ದಾಟಿದ ಮೇಲೆ ಮೆಟ್ರೊ ಕೆಲಸದ ಬ್ಯಾರಿಕೇಡ್ ಪಕ್ಕದಲ್ಲಿ ಕಂಬಿ ಕಟ್ಟುವ ಬೈಂಡಿಂಗ್ ವೈರ್ ತುಂಡುಗಳಿರುತ್ತವೆ, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡಿರಿ. ಹೊರವರ್ತುಲ ರಸ್ತೆಯಲ್ಲಿ ಆಫೀಸಿಗೆ ಹೋಗುವವರೊಬ್ಬರು ಅಯಸ್ಕಾಂತದಿಂದ ಕಿಲೋಗಟ್ಟಲೆ ಮೊಳೆ ಆರಿಸಿದ್ದು ಕೆಲವು ವರ್ಷಗಳ ಹಿಂದೆ ಪತ್ರಿಕೆಗಳಲ್ಲಿ ಬಂದಿತ್ತು. ಅಂಥ ಮೊಳೆ ನಿಂತು ನಾಟಿದರೆ 300 ಗ್ರಾಮಿನ ಟೈರೂ ತಡೆಯದು, ಮುಕ್ಕಾಲು ಕಿಲೋದ್ದೂ ತಡೆಯದು. ಇನ್ನು ನಂದಿಗೆ ಹೊರಡುವ ಭಾನುವಾರ ಬೆಳಗ್ಗೆ ವೈನ್ ಶಾಪ್‌ಗಳ ಮುಂದೆ ಶನಿವಾರ ರಾತ್ರಿಯ ಬಾಟಲಿ ಚೂರು ಬಿದ್ದಿರುತ್ತದೆ, ಕತ್ತಲಲ್ಲಿ ಕಾಣುವುದಿಲ್ಲ. ಮಳೆಗಾಲದಲ್ಲಿ ಎರಡರಷ್ಟು ಎಚ್ಚರ ಬೇಕು: ನೀರಿನಲ್ಲಿ ನೆನೆದ ರಬ್ಬರನ್ನು ಗಾಜು ಜಾರಿಸಿಕೊಂಡು ಕೊಯ್ಯುತ್ತದೆ, ನಿಂತ ನೀರಿನ ಕೆಳಗೆ ಏನಿದೆಯೋ ಗೊತ್ತಾಗುವುದಿಲ್ಲ.

ಎರಡನೆಯದು ವಾರಕ್ಕೊಮ್ಮೆಯ ತಪಾಸಣೆ. ಗಾಜು ಒಳಗಿಳಿಯಲು ದಿನಗಟ್ಟಲೆ ತೆಗೆದುಕೊಳ್ಳುತ್ತದೆ ಎಂದೆನಲ್ಲ, ಅದನ್ನು ಬಳಸಿಕೊಳ್ಳುವುದು ಇಲ್ಲಿ. ಆಯುಧಪೂಜೆಯ ದಿನ ಎಲ್ಲರೂ ಸೈಕಲ್ ತೊಳೆದು, ಟೈರ್ ಒರೆಸಿ, ಕುಂಕುಮ ಇಡುತ್ತಾರಲ್ಲ, ಆ ಗಮನ ವಾರಕ್ಕೊಮ್ಮೆ ಐದು ನಿಮಿಷ ಸಿಕ್ಕರೆ ಸಾಕು. ಕುಂಕುಮ ಐಚ್ಛಿಕ. ಗಾಳಿ ತುಸು ಇಳಿಸಿ, ಬೆಳಕಿನಲ್ಲಿ ಚಕ್ರವನ್ನು ನಿಧಾನ ತಿರುಗಿಸಿ, ಕೊಯ್ದ ಗುರುತು ಕಂಡಲ್ಲೆಲ್ಲ ಹೆಬ್ಬೆರಳಲ್ಲಿ ಅಗಲಿಸಿ ನೋಡಿ. ಒಳಗೆ ಹೊಳೆಯುವುದು ಗಾಜು. ಸೇಫ್ಟಿ ಪಿನ್ನಿಂದ ಎಬ್ಬಿಸಿ ತೆಗೆಯಿರಿ. ರಸ್ತೆ ಮಧ್ಯೆ ಮುಳ್ಳು ನಾಟಿರುವುದು ಕಂಡು, ಗಾಳಿ ಇನ್ನೂ ಇದ್ದರೆ ಮಾತ್ರ ಎಳೆಯಬೇಡಿ. ಅದೇ ಬಿರಡೆಯಾಗಿ ನಿಂತಿರುತ್ತದೆ, ಮನೆ ತಲುಪಿ ಎಳೆದರಾಯಿತು. ಟೈರಿನ ನಡುಭಾಗ ಸವೆದು ಚಪ್ಪಟೆಯಾಗಿ, ಒಳಗಿನ ನೂಲು ಇಣುಕುತ್ತಿದ್ದರೆ ಯಾವ ಮದ್ದೂ ಇಲ್ಲ, ಬದಲಿಸಿ.

ಇಷ್ಟು ಮಾಡಿದರೂ ಪಂಕ್ಚರ್ ಆಗುತ್ತದೆ, ಕಡಿಮೆ ಆಗುತ್ತದೆ ಅಷ್ಟೆ. ಹಾಗಾಗಿ ಒಂದು ಟ್ಯೂಬ್, ಎರಡು ಟೈರ್ ಲಿವರ್, ಪುಟ್ಟ ಪಂಪ್, ನಾಲ್ಕು ಪ್ಯಾಚ್, ಒಂದು ಟ್ಯೂಬ್ ಸೊಲ್ಯೂಷನ್ ಸೀಟಿನ ಕೆಳಗೆ ಇರಲಿ. ಎಲ್ಲ ಸೇರಿ 350–400 ಗ್ರಾಂ. ಚಕ್ರದ ಮೇಲೆ ಹೊರಬೇಕಿದ್ದ ಮುಕ್ಕಾಲು ಕಿಲೋದಲ್ಲಿ ಅರ್ಧವನ್ನು ಇಲ್ಲಿ ಹೊತ್ತರೆ ಕೆಲಸ ಹೆಚ್ಚು ಆಗುತ್ತದೆ. ತೊಳೆದು ಒಣಗಿಸಿದ ಖಾಲಿ ನಂದಿನಿ ಹಾಲಿನ ಪ್ಯಾಕೆಟ್ ಒಂದನ್ನೂ ಮಡಚಿ ಇಟ್ಟುಕೊಳ್ಳಿ. ಟೈರಿನ ಮಗ್ಗುಲು ಉದ್ದಕ್ಕೆ ಸೀಳಿದಾಗ ನಾಲ್ಕು ಮಡಿಕೆ ಮಾಡಿ ಒಳಗಿಟ್ಟು, ಕಡಿಮೆ ಗಾಳಿಯಲ್ಲಿ ನಿಧಾನವಾಗಿ ಮನೆ ಸೇರಬಹುದು. ಹೊಸ ಟ್ಯೂಬ್ ಹಾಕುವಾಗ ಮೊದಲು ಬಾಯಲ್ಲಿ ಊದಿದಷ್ಟು ಗಾಳಿ ತುಂಬಿ ಗುಂಡಗೆ ಮಾಡಿ, ಒಂದಿಷ್ಟು ಪೌಡರ್ ಸವರಿ, ಕೊನೆಯ ಗೇಣಿನಷ್ಟು ಟೈರನ್ನು ಲಿವರ್ ಇಲ್ಲದೆ ಅಂಗೈಯಲ್ಲೇ ಒಳಕ್ಕೆ ನೂಕಿ. ಹೊಸ ಟ್ಯೂಬನ್ನು ಲಿವರ್‌ನಿಂದಲೇ ಚಿವುಟಿ ತೂತು ಮಾಡಿಕೊಳ್ಳುವವರು ಬಹಳ ಮಂದಿ. ಪ್ಯಾಚ್ ಹಾಕುವುದಾದರೆ ಸೊಲ್ಯೂಷನ್ ಹಚ್ಚಿದ ಮೇಲೆ ಅದು ಒಣಗಿ ಮಂಕಾಗುವವರೆಗೆ ಕಾಯಿರಿ, ಹಸಿಯಿದ್ದಾಗ ಅಂಟಿಸಿದ್ದು ಮಾರನೇ ದಿನ ಏಳುತ್ತದೆ.

ನಿಮ್ಮ ಮಟ್ಟಿಗೆ ಕ್ರಮ ಹೀಗಿರಲಿ. ಈ ವಾರ ಹಿಂದಿನ ಟೈರ್ ಬಿಚ್ಚಿ ಹತ್ತಿ ಎಳೆಯಿರಿ, ರಿಮ್ ಟೇಪ್ ನೋಡಿ. ಈ ತಿಂಗಳು ಗೇಜ್ ಇರುವ ಪಂಪ್ ಕೊಳ್ಳಿ. ಅಲ್ಲಿಗೆ ನಿಮ್ಮ ನಾಲ್ಕರಲ್ಲಿ ಕನಿಷ್ಠ ಎರಡರ ಕಾರಣ ಹೋಯಿತು. ಆಮೇಲೂ ರಸ್ತೆ ಕಡೆಯ ತೂತುಗಳೇ ಬರುತ್ತಿದ್ದರೆ ಬ್ರೇಕರ್ ಇರುವ 32ರ ಟೈರ್, ಮೊದಲು ಹಿಂದೆ, ಕೈಗೂಡಿದಾಗ ಮುಂದೆ. ತೂತಾದ ಹಳೆಯ ಟ್ಯೂಬ್‌ಗಳನ್ನು ಎಸೆದಿಲ್ಲವಾದರೆ ವಾಲ್ವ್ ಮತ್ತು ತೂತು ಎರಡೂ ಕಾಣುವಂತೆ ಫೋಟೊ ತೆಗೆದು ಕಳಿಸಿ, ಮೂರನೆಯ ಪಂಕ್ಚರ್ ಯಾವ ಜಾತಿಯದು ಎಂದು ಹೇಳುತ್ತೇನೆ.